ಅರ್ಧ ಎಂಜಿನ್ನಿಗೆ ಪೂರ್ಣ ವಿಚಾರ

ಬೆಟಗೇರಿಯ ಒಂದು ಓಣಿ. ಓಣಿಯ ಕೊನೆಯಲ್ಲಿ ಒಂದು ಮನೆ. ಮನೆಯ ಮುಂದಿನ ಬೇವಿನ ಮರದ ನೆರಳಿನಲ್ಲಿ ಇಪ್ಪತ್ತು ವರ್ಷ ದುಡಿದು ದಣಿದ ಒಂದು ಮಾರುತಿ ಎಸ್ಟೀಮ್ ಕಾರು. ಇಂಥದೊಂದು ಚಿತ್ರವನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬೇಕು. ನಿವೃತ್ತರಾದ ತಂದೆ ಅದನ್ನು ಮನೆಯ ಹಿರಿಯ ಮಗನಂತೆ ನೋಡಿಕೊಂಡವರು. ಲಕ್ಷ್ಮೇಶ್ವರದ ಬೀಗರ ಮನೆಗೆ, ಶಿರಹಟ್ಟಿಯ ಮಠದ ಜಾತ್ರೆಗೆ, ಮುಂಡರಗಿಯ ಹೊಲಕ್ಕೆ ಅದೇ ಕಾರು ಹೋಗಿ ಬಂದಿದೆ. ಈಗ ಅದರ ಹೊಗೆ ನೀಲಿಗಟ್ಟಿದೆ. ಎಣ್ಣೆಯ ಡಬ್ಬಿ ಸದಾ ಡಿಕ್ಕಿಯಲ್ಲಿಯೇ ಇರಬೇಕಾಗಿದೆ. ಡಂಬಳದ ದಾರಿಯಲ್ಲಿ ಐದು ಜನ ಕುಳಿತರೆ ಏರಿನಲ್ಲಿ ಉಸಿರು ಕಟ್ಟುತ್ತದೆ.

ತಂದೆಯ ಆಸೆ ಕಾರು ಮೊದಲಿನಂತಾಗಬೇಕೆಂದು. ಓದು ಮುಗಿಸಿ ಈಗಷ್ಟೇ ಸಂಬಳದ ಮುಖ ಕಂಡ ಮಗನ ಆಸೆ ಅದು ಮೊದಲಿಗಿಂತ ಮೇಲಾಗಬೇಕೆಂದು. 'ಹೇಗೂ ಎಂಜಿನ್ ಬಿಚ್ಚುವುದಿದೆ. ಉದ್ದ ಸ್ಟ್ರೋಕಿನ ಹಾಫ್ ಎಂಜಿನ್ ಕೂರಿಸಿದರೆ ಅದೇ ಖರ್ಚಿನಲ್ಲಿ ಹೊಸ ಶಕ್ತಿ ಬಾರದೇ?' ಎಂಬುದು ಅವನ ವಾದ. ತಾಯಿಯ ಪ್ರಶ್ನೆ ಇನ್ನೂ ಸರಳವಾದುದು: ಕೂಡಿಟ್ಟ ಹಣ ಒಂದೇ; ಅದು ದಾರಿಯ ನಡುವೆ ಹೊಗೆಯಾಗಿ ಹೋಗಬಾರದಲ್ಲ?

ಮೂವರ ಮಾತಿನಲ್ಲಿಯೂ ನ್ಯಾಯವುಂಟು. ಆ ನ್ಯಾಯವನ್ನು ತೂಗಿ ನೋಡಬೇಕಾದರೆ ಎಂಜಿನ್ನಿನ ಒಳಗೆ ಸ್ವಲ್ಪ ಇಣಿಕಬೇಕು.

ಏನಿದು ಹಾಫ್ ಎಂಜಿನ್?

ಇಂಗ್ಲಿಷಿನಲ್ಲಿ 'ಶಾರ್ಟ್ ಬ್ಲಾಕ್' ಎಂದು ಕರೆಯುವುದನ್ನು ನಮ್ಮ ಗ್ಯಾರೇಜುಗಳಲ್ಲಿ ಹಾಫ್ ಎಂಜಿನ್ ಎನ್ನುತ್ತಾರೆ. ಬ್ಲಾಕು, ಅದರೊಳಗಿನ ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಪಿಸ್ಟನ್, ರಿಂಗು ಮತ್ತು ಬೇರಿಂಗುಗಳು ಇವಿಷ್ಟೂ ಜೋಡಣೆಯಾಗಿ ಬಂದರೆ ಅದು ಹಾಫ್ ಎಂಜಿನ್. ವಾಲ್ವುಗಳನ್ನು ಹೊತ್ತ ಹೆಡ್ಡು, ಇಂಧನದ ವ್ಯವಸ್ಥೆ, ಡೈನಮೋ ಮುಂತಾದವು ಹಳೆಯವೇ ಮೇಲೆ ಬರುತ್ತವೆ. ದೇಹಕ್ಕೆ ಹೋಲಿಸಿದರೆ ಎದೆ ಮತ್ತು ಕಾಲು ಹೊಸವು, ತಲೆ ಮಾತ್ರ ಹಳೆಯದು.

ಸಿಲಿಂಡರಿನ ಅಗಲವೇ ಬೋರು. ಪಿಸ್ಟನ್ನು ಕೆಳಗಿನಿಂದ ಮೇಲಕ್ಕೆ ಚಲಿಸುವ ದೂರವೇ ಸ್ಟ್ರೋಕು. ಇವೆರಡನ್ನು ಗುಣಿಸಿ ಲೆಕ್ಕ ಹಾಕಿದರೆ ಎಂಜಿನ್ನಿನ ಗಾತ್ರ, ಎಂದರೆ ಎಲ್ಲರ ಬಾಯಲ್ಲಿರುವ ಸಿ.ಸಿ., ಹೊರಡುತ್ತದೆ. ಬ್ಲಾಕಿಗೆ ಅದರ ಮೂಲ ಕ್ರ್ಯಾಂಕಿನ ಬದಲು ಹೆಚ್ಚು ಸ್ಟ್ರೋಕಿನ ಕ್ರ್ಯಾಂಕನ್ನು ಕೂರಿಸಿ ಗಾತ್ರವನ್ನು ಹಿಗ್ಗಿಸಿದ ಎಂಜಿನ್ನಿಗೆ 'ಸ್ಟ್ರೋಕರ್' ಎಂದು ಹೆಸರು.

ಇದರ ತವರು ಅಮೆರಿಕ. ಅಲ್ಲಿ ಷೆವ್ರೊಲೆ ಕಂಪನಿಯ 350 ಘನ ಅಂಗುಲದ ಎಂಜಿನ್ನಿನ ಸ್ಟ್ರೋಕು 3.48 ಅಂಗುಲ. ಅದೇ ಕುಲದ 400 ಘನ ಅಂಗುಲದ ಎಂಜಿನ್ 1970ರಲ್ಲಿ ಬಂದಾಗ ಅದರ ಸ್ಟ್ರೋಕು 3.75 ಅಂಗುಲವಾಗಿತ್ತು. ಉತ್ಸಾಹಿಗಳು ದೊಡ್ಡಣ್ಣನ ಕ್ರ್ಯಾಂಕನ್ನು ತೆಗೆದು, ಅದರ ಮೇನ್ ಜರ್ನಲ್ಲುಗಳನ್ನು ಅರೆದು ಸಣ್ಣದು ಮಾಡಿ, ತಮ್ಮನ ಬ್ಲಾಕಿನಲ್ಲಿ ಕೂರಿಸಿದರು. ಬೋರನ್ನು ಕೂದಲೆಳೆಯಷ್ಟು ಹಿಗ್ಗಿಸಿದರು. ಹುಟ್ಟಿದ್ದು 383 ಘನ ಅಂಗುಲದ ಎಂಜಿನ್. ಇಂದಿಗೂ ಅಲ್ಲಿ 'ಸ್ಟ್ರೋಕರ್' ಎಂದರೆ ಬಹುಮಂದಿಗೆ ಮೊದಲು ನೆನಪಾಗುವ ಅಂಕಿ ಅದು.

ಅಂಬಾಸಿಡರ್ ಕಲಿಸಿದ ಪಾಠ

ನಮ್ಮವರಿಗೆ ಉದ್ದ ಸ್ಟ್ರೋಕಿನ ಗುಣ ಹೊಸತೇನೂ ಅಲ್ಲ. ಹಳೆಯ ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಬೋರು ಸುಮಾರು 73 ಮಿ.ಮೀ., ಸ್ಟ್ರೋಕು ಸುಮಾರು 89 ಮಿ.ಮೀ. ಒಳಗೆ ಎಂಟು ಜನ, ಮೇಲೆ ಎರಡು ಟ್ರಂಕು, ಡಿಕ್ಕಿಯಲ್ಲಿ ಜೋಳದ ಚೀಲವಿದ್ದರೂ ಅದು ಗೊಣಗುತ್ತಲೇ ಎಳೆದುಕೊಂಡು ಹೋಗುತ್ತಿದ್ದುದನ್ನು ಹಿರಿಯರು ಬಲ್ಲರು. ಅಂಥ ಎಂಜಿನ್ನುಗಳ ಹಿಂದೆ ಬ್ರಿಟನ್ನಿನ ಒಂದು ಹಳೆಯ ತೆರಿಗೆಯ ನೆರಳೂ ಇತ್ತು. ಅಲ್ಲಿ ಬಹುಕಾಲ ಕಾರಿನ ಕುದುರೆಶಕ್ತಿಯನ್ನು ತೆರಿಗೆಗಾಗಿ ಬೋರಿನ ಅಳತೆಯಿಂದಲೇ ಲೆಕ್ಕ ಹಾಕುತ್ತಿದ್ದರು. ಸ್ಟ್ರೋಕು ಲೆಕ್ಕಕ್ಕೆ ಬರುತ್ತಿರಲಿಲ್ಲ. ತಯಾರಕರು ಬೋರನ್ನು ಕಿರಿದಾಗಿಟ್ಟು ಸ್ಟ್ರೋಕನ್ನು ನೀಳವಾಗಿಸಿದರು. ತೆರಿಗೆ ಹೋದಮೇಲೂ ಆ ರೂಢಿ ಬೇಗನೆ ಹೋಗಲಿಲ್ಲ.

ಉದ್ದ ಸ್ಟ್ರೋಕಿನಿಂದ ಎಳೆತ ಏಕೆ ಹೆಚ್ಚುತ್ತದೆ? ಓಣಿಯ ಕೈಪಂಪನ್ನು ನೆನೆಯಿರಿ. ಹಿಡಿಯನ್ನು ಅರ್ಧ ಒತ್ತಿದರೆ ಅರ್ಧ ತಂಬಿಗೆ. ಪೂರ್ತಿ ಒತ್ತಿದರೆ ತುಂಬು ತಂಬಿಗೆ. ಪಿಸ್ಟನ್ನೂ ಹೆಚ್ಚು ದೂರ ಚಲಿಸಿದರೆ ಪ್ರತಿ ಸಲವೂ ಹೆಚ್ಚು ಗಾಳಿ ಮತ್ತು ಇಂಧನವನ್ನು ಒಳಗೆಳೆದುಕೊಳ್ಳುತ್ತದೆ. ಜೊತೆಗೆ ಕ್ರ್ಯಾಂಕಿನ ತೋಳು ಉದ್ದವಾದುದರಿಂದ ಅದೇ ಒತ್ತಡವೂ ಹೆಚ್ಚು ಬಲವಾಗಿ ತಿರುಗಿಸುತ್ತದೆ. ಸೈಕಲ್ಲಿನ ಪೆಡಲಿನ ತೋಳು ಉದ್ದವಿದ್ದಂತೆ.

ಎಸ್ಟೀಮಿನ ಲೆಕ್ಕವನ್ನೇ ನೋಡಬಹುದು. 1994ರಲ್ಲಿ ಬಂದ ಈ ಕಾರಿನ ಎಂಜಿನ್ನು 1298 ಸಿ.ಸಿ.; ಬೋರು 74 ಮಿ.ಮೀ., ಸ್ಟ್ರೋಕು 75.5 ಮಿ.ಮೀ. ಅದೇ ಕಂಪನಿಯಿಂದ 1999ರಲ್ಲಿ ಬಂದ ಮೊದಲ ಬಲೆನೊ ಕಾರಿನದು ಅದೇ ಜಿ ಕುಲದ 1590 ಸಿ.ಸಿ. ಎಂಜಿನ್, ಬೋರು 75, ಸ್ಟ್ರೋಕು 90 ಮಿ.ಮೀ. (2015ರಲ್ಲಿ ಅದೇ ಹೆಸರಿನಿಂದ ಬಂದ ಸಣ್ಣ ಕಾರು ಬೇರೆ, ಹೆಸರು ಕೇಳಿ ಮೋಸಹೋಗಬಾರದು.) ಅಣ್ಣತಮ್ಮಂದಿರ ನಡುವೆ ಬೋರಿನಲ್ಲಿ ಇರುವ ಅಂತರ ಒಂದೇ ಮಿಲಿಮೀಟರು, ಸ್ಟ್ರೋಕಿನಲ್ಲಿ 14.5 ಮಿಲಿಮೀಟರು. ಹೆಚ್ಚಾದ 290 ಸಿ.ಸಿ.ಯಷ್ಟು ಗಾತ್ರದಲ್ಲಿ 250ರಷ್ಟನ್ನು ಕೊಟ್ಟದ್ದು ಸ್ಟ್ರೋಕೇ.

ಅದೇ 1298ರ ಬ್ಲಾಕನ್ನು ಅರ್ಧ ಮಿಲಿಮೀಟರು ರೀಬೋರ್ ಮಾಡಿಸಿದರೆ ಗಾತ್ರ 1316 ಸಿ.ಸಿ. ಆಗುತ್ತದೆ. ಸಿಕ್ಕಿದ್ದು 18 ಸಿ.ಸಿ. ಮಾತ್ರ. ಸವೆದ ಗೋಡೆಯನ್ನು ಸರಿಪಡಿಸಲು ರೀಬೋರ್ ಬೇಕು. ಶಕ್ತಿಯನ್ನು ಹೆಚ್ಚಿಸಲು ಅದನ್ನು ನಂಬಿ ಕೂಡುವಂತಿಲ್ಲ. ಉತ್ಸಾಹಿಗಳ ಕಣ್ಣು ಬಲೆನೊದ ಎಂಜಿನ್ನಿನ ಮೇಲೆ ಬಿದ್ದದ್ದು ಇದೇ ಕಾರಣದಿಂದ. ರ‍್ಯಾಲಿಯ ಮಾತು ಬಂದಲ್ಲೆಲ್ಲ ಎಸ್ಟೀಮ್, ಜಿಪ್ಸಿಗಳ ಜೊತೆಗೆ ಆ ಎಂಜಿನ್ನಿನ ಹೆಸರೂ ಬರುತ್ತದೆ.

ಎಳೆತಕ್ಕೆ ತೆರಬೇಕಾದ ಬೆಲೆ

ಆದರೆ ಕೈಪಂಪಿನ ಉಪಮೆಗೆ ಇನ್ನೊಂದು ಮುಖವುಂಟು. ನಿಮಿಷಕ್ಕೆ ಅಷ್ಟೇ ಸಲ ಪೂರ್ತಿ ಹಿಡಿಯನ್ನು ಒತ್ತಬೇಕಾದರೆ ಕೈ ಹೆಚ್ಚು ವೇಗವಾಗಿ ಆಡಬೇಕು. ಪಿಸ್ಟನ್ನಿನ ಪಾಡೂ ಅದೇ. ನಿಮಿಷಕ್ಕೆ 6000 ಸುತ್ತಿನಲ್ಲಿ 75.5 ಮಿ.ಮೀ. ಸ್ಟ್ರೋಕಿನ ಪಿಸ್ಟನ್ನು ಸರಾಸರಿ ಸೆಕೆಂಡಿಗೆ 15.1 ಮೀಟರು ಓಡುತ್ತದೆ, 90 ಮಿ.ಮೀ. ಸ್ಟ್ರೋಕಿನದು ಅದೇ ಸುತ್ತಿನಲ್ಲಿ 18 ಮೀಟರು ಓಡಬೇಕು. ಮೊದಲಿನ ವೇಗದಲ್ಲಿಯೇ ಇರಬೇಕೆಂದರೆ ಸುತ್ತನ್ನು ಸುಮಾರು 5000ಕ್ಕೆ ಇಳಿಸಬೇಕು. ಮೇಲೆ ಹೋಗಿ ಥಟ್ಟನೆ ನಿಂತು ಹಿಂದಿರುಗುವಾಗ ರಾಡು ಮತ್ತು ಬೇರಿಂಗುಗಳ ಮೇಲೆ ಬೀಳುವ ಜಗ್ಗು ಸ್ಟ್ರೋಕಿನೊಡನೆ ಏರುತ್ತದೆ. ಸುತ್ತು ಎರಡು ಪಟ್ಟಾದರೆ ಆ ಜಗ್ಗು ನಾಲ್ಕು ಪಟ್ಟಾಗುತ್ತದೆ.

ಆದುದರಿಂದ ರಸ್ತೆಯ ಸ್ಟ್ರೋಕರು ಕಿರಿಚುವ ಎಂಜಿನ್ ಅಲ್ಲ. ಕೆಳಗಿನ ಸುತ್ತಿನಲ್ಲಿ ತಾಳ್ಮೆಯಿಂದ ಎಳೆಯುವ ಎಂಜಿನ್. ಅದನ್ನು ಕೂರಿಸಿ ಮೇಲೆ ಕಿರಿಚಿಸಹೊರಟವನು ಎತ್ತು ಕೊಂಡು ಕುದುರೆಯ ಓಟ ಬಯಸಿದಂತೆ.

ಇದಕ್ಕಾಗಿಯೇ ಅನುಭವಸ್ಥ ಮಿಸ್ತ್ರಿ ಎಂಜಿನ್ನಿನ ಮಾತಿಗಿಂತ ಮುಂಚೆ ರಸ್ತೆಯ ಮಾತನ್ನು ಎತ್ತುವುದು. ಬೆಟಗೇರಿಯ ಆ ಮಗ ಗ್ಯಾರೇಜಿಗೆ ಹೋದನೆಂದುಕೊಳ್ಳೋಣ. ಸಂಭಾಷಣೆ ಹೀಗೆ ನಡೆದೀತು:

"ತಮ್ಮಾ, ಎಂಜಿನ್ ಆಮ್ಯಾಲೆ ಆರಿಸೂಣು. ಗಾಡಿ ಯಾವ ರಸ್ತೆದಾಗ ಓಡಬೇಕು, ಮೊದಲ ಅದನ್ನ ಹೇಳು."

"ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ವಾರದಾಗ ಒಮ್ಮೆ ಹುಬ್ಬಳ್ಳಿ, ಕಾಕಾ."

"ಹಂಗಾದ್ರ ನಿನಗ ಬೇಕಾದದ್ದು ಓಟ ಅಲ್ಲ, ಎಳೆತ. ಎತ್ತಿನ ಗಾಡಿ ಹಿಂದ ಬಂದು, ಗೇರ್ ಬದಲಿಸದ ದಾಟಿ ಹೋಗೂ ಎಳೆತ."

ಈ ಸೀಮೆಯ ರಸ್ತೆಯನ್ನು ಬಲ್ಲವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗದುಗಿನ ಸುತ್ತಲಿನ ಎರೆಯ ಬಯಲಿನಲ್ಲಿ ರಸ್ತೆ ನೇರವಾಗಿದ್ದರೂ ಟ್ರ್ಯಾಕ್ಟರು, ಚಕ್ಕಡಿ, ಕುರಿಯ ಹಿಂಡು ಯಾವ ಗಳಿಗೆಯಲ್ಲಿ ಅಡ್ಡ ಬಂದಾವೆಂದು ಹೇಳಲಾಗದು. ಕಪ್ಪತಗುಡ್ಡದ ಮಗ್ಗುಲಿಗೆ ಬಂದರೆ ಏರಿಳಿತ. ಬೇಸಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳಲ್ಲಿ ಏ.ಸಿ. ಹಚ್ಚಿ ನಿಧಾನವಾಗಿ ಏರುವುದೇ ಎಂಜಿನ್ನಿಗೆ ನಿಜವಾದ ಪರೀಕ್ಷೆ. ಇಲ್ಲಿ 2000ದಿಂದ 4000 ಸುತ್ತಿನ ನಡುವಣ ಬಲವೇ ದಿನನಿತ್ಯ ಉಪಯೋಗಕ್ಕೆ ಬರುವುದು. ಜಾಹೀರಾತಿನ ಅಗ್ರ ಕುದುರೆಶಕ್ತಿ ವರ್ಷಕ್ಕೊಮ್ಮೆಯೂ ಕೆಲಸಕ್ಕೆ ಬರುವುದಿಲ್ಲ.

ಆರಿಸುವಾಗ ಗಮನಿಸಬೇಕಾದವು

ಹಾಗಾದರೆ ಉದ್ದ ಸ್ಟ್ರೋಕಿನ ಹಾಫ್ ಎಂಜಿನ್ ಆರಿಸುವವರು ಏನನ್ನು ನೋಡಬೇಕು?

ಮೊದಲನೆಯದು ಕಂಪ್ರೆಶನ್ ಅನುಪಾತ. ಸ್ಟ್ರೋಕು ಹೆಚ್ಚಿ, ಹೆಡ್ಡಿನ ಕುಳಿ ಮಾತ್ರ ಹಾಗೆಯೇ ಉಳಿದರೆ, ಹೆಚ್ಚು ಗಾಳಿಯನ್ನು ಅಷ್ಟೇ ಜಾಗದಲ್ಲಿ ಅದುಮಿದಂತಾಗುತ್ತದೆ. 1298 ಸಿ.ಸಿ. ಎಂಜಿನ್ನಿನ ಅನುಪಾತ 9.5 ಇದೆಯೆಂದು ಹಿಡಿಯಿರಿ. ಉಳಿದದ್ದನ್ನು ಬದಲಿಸದೆ ಗಾತ್ರವನ್ನು 1590ಕ್ಕೆ ಏರಿಸಿದರೆ ಅದು 11.4ರ ಹತ್ತಿರ ಹೋಗುತ್ತದೆ. ಬೇಸಗೆಯ ಏರಿನಲ್ಲಿ ಇಂಧನ ತನ್ನಷ್ಟಕ್ಕೆ ಸಿಡಿದು 'ಟಣ್ ಟಣ್' ಸದ್ದು ಕೇಳಿಸುತ್ತದೆ. ಆ ಸದ್ದು ಪಿಸ್ಟನ್ನಿನ ಮೃತ್ಯುಘಂಟೆ. ಆದುದರಿಂದ ತಲೆಯ ಮೇಲೆ ತಕ್ಕಷ್ಟು ಬಟ್ಟಲಿನಂಥ ತಗ್ಗಿರುವ ಪಿಸ್ಟನ್ ಬೇಕು. ಮಾರುವವನನ್ನು ಕೇಳಬೇಕಾದ ಮೊದಲ ಪ್ರಶ್ನೆ 'ಎಷ್ಟು ಸಿ.ಸಿ.?' ಎಂದಲ್ಲ, 'ನನ್ನ ಹೆಡ್ಡು ಹಾಕಿದರೆ ಅನುಪಾತ ಎಷ್ಟು?' ಎಂದು.

ಎರಡನೆಯದು ರಾಡು ಮತ್ತು ಸ್ಟ್ರೋಕಿನ ಹೊಂದಿಕೆ. ಸ್ಟ್ರೋಕು ಉದ್ದವಾಗಿ ರಾಡು ಗಿಡ್ಡವಾಗಿದ್ದರೆ ರಾಡು ಹೆಚ್ಚು ಓರೆಯಾಗಿ ಪಿಸ್ಟನ್ನನ್ನು ಸಿಲಿಂಡರಿನ ಗೋಡೆಗೆ ಒತ್ತುತ್ತದೆ. ಗೋಡೆ ಬೇಗ ಸವೆಯುತ್ತದೆ. ರಾಡನ್ನು ಉದ್ದ ಮಾಡಲು ಪಿಸ್ಟನ್ನಿನ ಪಿನ್ನನ್ನು ಮೇಲಕ್ಕೆ ಏರಿಸುತ್ತಾ ಹೋದರೆ ಅದು ಎಣ್ಣೆಯ ರಿಂಗಿನ ಜಾಗವನ್ನೇ ಮುಟ್ಟುತ್ತದೆ. ಅಂಥ ಎಂಜಿನ್ನು ಎಣ್ಣೆ ಕುಡಿದರೆ ಆಶ್ಚರ್ಯವಿಲ್ಲ. ತಯಾರಕರೇ ಉದ್ದ ಸ್ಟ್ರೋಕಿಗಾಗಿ ರೂಪಿಸಿದ ಬ್ಲಾಕಿಗೂ, ಗಿಡ್ಡ ಬ್ಲಾಕಿನಲ್ಲಿ ಉದ್ದ ಕ್ರ್ಯಾಂಕನ್ನು ತುರುಕಿದ ಬ್ಲಾಕಿಗೂ ಇರುವ ಅಂತರ ಇದೇ.

ಮೂರನೆಯದು ಲೋಹ. ಬಡಿದು ಮಾಡಿದ ಪಿಸ್ಟನ್, ಎಂದರೆ ಫೋರ್ಜ್ಡ್ ಪಿಸ್ಟನ್, ಬಲಶಾಲಿ. ಟರ್ಬೋ ಹಚ್ಚುವವರಿಗೂ ಪಂದ್ಯಕ್ಕೆ ಹೋಗುವವರಿಗೂ ಅದೇ ತಕ್ಕದ್ದು. ಆದರೆ ಅಂಥವು ಬಿಸಿಗೆ ಹೆಚ್ಚು ಹಿಗ್ಗುವ ಮಿಶ್ರಲೋಹದಿಂದ ಮಾಡಿದವಾಗಿದ್ದರೆ ಹೆಚ್ಚು ಸಂದು ಬಿಡಬೇಕಾಗುತ್ತದೆ. ಮುಂಜಾನೆಯ ತಣ್ಣನೆಯ ಎಂಜಿನ್ ಗಲಗಲ ಎನ್ನುತ್ತದೆ. ಸಂಸಾರದ ಕಾರಿಗೆ ಒಳ್ಳೆಯ ಎರಕದ ಪಿಸ್ಟನ್ ಸಾಲುತ್ತದೆ.

ನಾಲ್ಕನೆಯದು ಅಳತೆ. ಕ್ರ್ಯಾಂಕು ಮತ್ತು ಬೇರಿಂಗಿನ ನಡುವೆ ಎಣ್ಣೆ ನಿಲ್ಲುವಷ್ಟು ಸಂದು ಬೇಕು. ಜರ್ನಲ್ಲಿನ ಅಡ್ಡಳತೆಯ ಸಾವಿರದ ಒಂದು ಪಾಲು ಎಂಬುದು ಯಂತ್ರಗಾರರ ಹಳೆಯ ಅಂದಾಜು; 45 ಮಿ.ಮೀ. ಜರ್ನಲ್ಲಿಗೆ 0.045 ಮಿ.ಮೀ. ಸಿಲಿಂಡರಿನೊಳಗೆ ರಿಂಗಿನ ಬಾಯಿಗೆ ಬೋರಿನ ಸಾವಿರದ ನಾಲ್ಕು ಪಾಲು, 75 ಮಿ.ಮೀ. ಬೋರಿಗೆ 0.30 ಮಿ.ಮೀ. ಆಯಾ ಎಂಜಿನ್ನಿಗೆ ಕಂಪನಿಯ ಪುಸ್ತಕ ಹೇಳುವ ಅಳತೆಯೇ ಕೊನೆಯ ಮಾತು. ಈ ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಡಲು ಒಪ್ಪದ ಅಂಗಡಿಯಿಂದ ಹಾಫ್ ಎಂಜಿನ್ ಕೊಳ್ಳದಿರುವುದೇ ಲೇಸು. ಹೊಸ ಕ್ರ್ಯಾಂಕು, ರಾಡು, ಪಿಸ್ಟನ್ನುಗಳ ತೂಕವನ್ನು ಒಂದಕ್ಕೊಂದು ಸರಿದೂಗಿಸುವ ಬ್ಯಾಲೆನ್ಸಿಂಗ್ ಕೆಲಸಕ್ಕೆ ಕೊಟ್ಟ ಹಣವೂ ಎಂದೂ ವ್ಯರ್ಥವಲ್ಲ.

ಐದನೆಯದು ಪರಿವಾರ. ಜಿ ಕುಲದ ಬ್ಲಾಕು ಅಲ್ಯುಮಿನಿಯಮ್ಮಿನದು; ಒಮ್ಮೆ ಅತಿಯಾಗಿ ಕಾಯ್ದರೆ ಸೊಟ್ಟಗಾಗಬಹುದು. ಗಾತ್ರ ಹೆಚ್ಚಾದರೆ ಶಾಖವೂ ಹೆಚ್ಚು. ರೇಡಿಯೇಟರು ಅದನ್ನು ಹೊರಬೇಕು. 1298ಕ್ಕೆ ಲೆಕ್ಕ ಹಾಕಿ ಪೆಟ್ರೋಲು ಹನಿಸುವ ಗಣಕಕ್ಕೆ 1590ರ ಹಸಿವು ತಿಳಿಯದು. ಕ್ಲಚ್ಚು, ಗೇರುಪೆಟ್ಟಿಗೆ, ಎಲ್ಲಕ್ಕಿಂತ ಮಿಗಿಲಾಗಿ ಬ್ರೇಕು ಹೊಸ ಬಲಕ್ಕೆ ತಕ್ಕವಾಗಬೇಕು. ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರಿನ ಬಾಯಿ ಒಂದಿಷ್ಟು ಸಡಿಲವಿದ್ದರೂ ಸಾಕು. ಹೊಸ ರಿಂಗುಗಳು ಅಕಾಲದಲ್ಲಿ ಮುದಿಯಾಗುತ್ತವೆ. ಹಾಫ್ ಎಂಜಿನ್ನಿನ ಬೆಲೆಯನ್ನಷ್ಟೇ ಲೆಕ್ಕ ಹಾಕಿ ಹೊರಟವರು ಹಾಸಿಗೆಯನ್ನು ನೋಡದೆ ಕಾಲು ಚಾಚಿದಂತೆ.

ಕಾನೂನಿನ ಗೇಟು

ಇಷ್ಟೆಲ್ಲ ಹೊಂದಿದರೂ ಒಂದು ಗೇಟು ಉಳಿಯುತ್ತದೆ. ಕಾರಿನ ನೋಂದಣಿ ಪತ್ರದಲ್ಲಿ ಎಂಜಿನ್ನಿನ ನಂಬರೂ ಅದರ ಗಾತ್ರವೂ ದಾಖಲಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ನೋಂದಣಿಯ ವಿವರಗಳು ವಿರುದ್ಧವಾಗುವ ಹಾಗೆ ಮಾಲೀಕನು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿಲುವನ್ನೇ ಎತ್ತಿಹಿಡಿಯಿತು.

ಆದುದರಿಂದ ಗದುಗಿನ ಕೆಎ-26 ಪಟ್ಟಿ ಹೊತ್ತ ಕಾರಿಗೆ ಬೇರೆ ಎಂಜಿನ್ ಕೂರಿಸುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಉತ್ತರ ಪಡೆಯಬೇಕು, ಕೂರಿಸಿದ ಮೇಲಲ್ಲ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸುವಾಗ ಅಧಿಕಾರಿಗಳು ಎಂಜಿನ್ ನಂಬರನ್ನು ನೋಡದೆ ಬಿಡುವುದಿಲ್ಲ. ದಾಖಲೆಯಿಲ್ಲದ ಬದಲಾವಣೆಯ ಕಾರು ಅಪಘಾತಕ್ಕೆ ಸಿಕ್ಕರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಗುಜರಿಯಿಂದ ತಂದ ಬ್ಲಾಕಿನ ಮೂಲ ತಿಳಿಯದಿದ್ದರೆ ಕಳ್ಳಮಾಲಿನ ಗುಮಾನಿ ಬೇರೆ. ಪಂದ್ಯಕ್ಕೆಂದೇ ಇಟ್ಟ ಗಾಡಿಯ ಮಾತು ಬೇರೆ. ತಾಯಿತಂದೆಯರನ್ನು ಕೂರಿಸಿಕೊಂಡು ಜಾತ್ರೆಗೆ ಹೋಗುವ ಗಾಡಿಯ ಮಾತು ಬೇರೆ.

ಒಂದು ಚಮಚ ಎಣ್ಣೆಯ ಪರೀಕ್ಷೆ

ಕೊನೆಯಲ್ಲಿ ಮಾಡುವುದೆಂದು ಅನೇಕರು ಬಿಡುವ ಒಂದು ಕೆಲಸವನ್ನು ಮೊದಲೇ ಮಾಡಬೇಕು. ಅದು ಕಂಪ್ರೆಶನ್ ಪರೀಕ್ಷೆ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಗೇಜಿನಿಂದ ಅಳೆದು ಬರೆದುಕೊಳ್ಳಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗು ಅಥವಾ ಗೋಡೆ ಸವೆದಿದೆ; ಹಾಫ್ ಎಂಜಿನ್ನಿನ ಕೆಲಸ ತಪ್ಪದು. ಏರದಿದ್ದರೆ ದೋಷ ಬಹುಮಟ್ಟಿಗೆ ವಾಲ್ವಿನಲ್ಲಿ ಅಥವಾ ಹೆಡ್ಡಿನ ಗ್ಯಾಸ್ಕೆಟ್ಟಿನಲ್ಲಿ. ಎದೆಯನ್ನು ಬದಲಿಸಹೊರಟವನ ರೋಗ ತಲೆಯಲ್ಲಿತ್ತು!

ಬೆಟಗೇರಿಯ ಕಾರಿಗೂ ಈ ಪರೀಕ್ಷೆ ಆಯಿತೆನ್ನೋಣ. ಎರಡು ಸಿಲಿಂಡರುಗಳು ಬಹಳ ಕೆಳಗಿಳಿದಿವೆ. ಎಣ್ಣೆ ಹಾಕಿದೊಡನೆ ಮುಳ್ಳು ಏರಿತು. ಎಂದರೆ ಎಂಜಿನ್ನು ಹುಟ್ಟಿದಾಗ ಇದ್ದ ಬಲದ ದೊಡ್ಡ ಪಾಲು ಸವೆದ ರಿಂಗುಗಳ ಸಂದಿನಿಂದ ಸೋರಿ ಹೋಗುತ್ತಿದೆ. ಮಗ ಹೊರಗಿನಿಂದ ತರಬಯಸಿದ ಶಕ್ತಿಯಲ್ಲಿ ಎಷ್ಟೋ ಪಾಲು ಮನೆಯದೇ, ಕಳೆದುಹೋದದ್ದು.

ದಾರಿ ಈಗ ಸ್ಪಷ್ಟ. ತನ್ನದೇ ಬ್ಲಾಕು, ತನ್ನದೇ ನಂಬರು. ರೀಬೋರ್, ಹೊಸ ಪಿಸ್ಟನ್ನು, ರಿಂಗು, ಬೇರಿಂಗುಗಳು, ಕ್ರ್ಯಾಂಕಿನ ಅಳತೆ, ಬೇಕಿದ್ದರೆ ಗ್ರೈಂಡಿಂಗು, ನಿಷ್ಠೆಯ ಬ್ಯಾಲೆನ್ಸಿಂಗು, ಹೆಡ್ಡಿನ ವಾಲ್ವುಗಳನ್ನು ಅರೆದು ಕೂರಿಸುವುದು, ಸ್ವಚ್ಛ ರೇಡಿಯೇಟರು, ಉಳಿದ ಹಣದಲ್ಲಿ ಬ್ರೇಕು ಮತ್ತು ಟೈರು. ಮೊದಲ ಕೆಲವು ನೂರು ಕಿಲೋಮೀಟರು ಒಂದೇ ವೇಗದಲ್ಲಿ ಹಿಡಿಯದೆ, ಜಗ್ಗದೆ, ಮೃದುವಾಗಿ ಓಡಿಸಿ ಎಣ್ಣೆ ಬದಲಿಸಬೇಕು. ಉದ್ದ ಸ್ಟ್ರೋಕಿನ ಆಸೆಯನ್ನು ಮಗ ಬಿಡಬೇಕಾಗಿಲ್ಲ. ಸಾರಿಗೆ ಕಚೇರಿಯ ಲಿಖಿತ ಉತ್ತರ, ಮೂಲದ ಕಾಗದವುಳ್ಳ ಬ್ಲಾಕು, ಅನುಪಾತದ ಲೆಕ್ಕ, ಇವು ಮೂರೂ ಕೈಸೇರಿದ ದಿನ ಆ ವಿಚಾರವನ್ನು ಮತ್ತೆ ಎತ್ತಬಹುದು. ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಸ್ಟ್ರೋಕರಲ್ಲ, ಜೂಜು.

ಗ್ಯಾರೇಜಿನ ಆ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ಮಗನಿಗೆ ಹೇಳುವ ಮಾತು ಬಹುಶಃ ಇಷ್ಟೇ ಇದ್ದೀತು:

"ಕಳಕೊಂಡದ್ದನ್ನ ಮೊದಲ ತಿರುಗಿ ತರೂಣು, ತಮ್ಮಾ. ಹೆಚ್ಚಿಂದು ಆಮ್ಯಾಲೆ ಬೇಡೂಣು."

ಮುಂದಿನ ಜಾತ್ರೆಗೆ ಆ ಕಾರು ನೀಲಿ ಹೊಗೆಯಿಲ್ಲದೆ, ಐದು ಜನರನ್ನು ಹೊತ್ತು ಶಿರಹಟ್ಟಿಗೆ ಹೊರಟರೆ ಹಿಂದಿನ ಸೀಟಿನಲ್ಲಿ ಕುಳಿತ ತಾಯಿಗೆ ಸ್ಟ್ರೋಕಿನ ಅಳತೆ ತಿಳಿಯಬೇಕಾಗಿಲ್ಲ. ಏರು ಬಂದದ್ದೂ ಹೋದದ್ದೂ ಗೊತ್ತಾಗದಿದ್ದರೆ ಅವರಿಗೆ ಅಷ್ಟೇ ಸಾಕು.